ಡಬ್ಬಿಯಲ್ಲಿ ಐದು ತಿಂಗಳ ಸೂರ್ಯ, ಕೊನೆಗೂ ಸಿಕ್ಕಿದ

ಸೋಲಾರ್‌ಗ್ರಫಿ, ಅಂದರೆ ಸಣ್ಣ ತೂತಿನ ಡಬ್ಬಿಯಲ್ಲಿ ಫೋಟೊ ಪೇಪರ್ ಇಟ್ಟು, ತಿಂಗಳುಗಟ್ಟಲೆ ಬಿಟ್ಟು, ದಿನದಿನದ ಸೂರ್ಯನ ದಾರಿಯನ್ನು ಗೆರೆಗಳಾಗಿ ಹಿಡಿಯೋದು, ನಮ್ಮ ಕಡೆ ಆಗೋ ಕೆಲಸ ಅಲ್ಲ ಅಂತ ಗೆಳೆಯರೆಲ್ಲ ಹೇಳಿದ್ದರು. ಮಳೆ, ತೇವ, ಕೋತಿ, ಒಬ್ಬೊಬ್ಬರದು ಒಂದೊಂದು ಕಾರಣ. ಈಗ ಚಿತ್ರದುರ್ಗದ ನಮ್ಮ ತಾರಸಿಯಿಂದ ಡಿಸೆಂಬರ್ ಕೊನೆಯಿಂದ ಮೇ ಕೊನೆವರೆಗಿನ ಸೂರ್ಯನ ದಾರಿ ಒಂದೇ ಹಾಳೆಯಲ್ಲಿ ಬಂದಿದೆ. ಇಷ್ಟು ಶುದ್ಧವಾಗಿ ಬಂದಿದ್ದನ್ನು ನಮ್ಮ ಭಾಗದಲ್ಲಿ ನಾನಂತೂ ನೋಡಿಲ್ಲ.

ಪಿನ್‌ಹೋಲ್ ಡಬ್ಬಿ, ಅಂದರೆ ಲೆನ್ಸ್ ಬದಲು ಸೂಜಿತೂತು ಇರೋ ಕ್ಯಾಮೆರಾ, ಮಾಡೋದು ಸುಲಭ. ಕೂಲ್‌ಡ್ರಿಂಕ್ ಡಬ್ಬಿ, 0.3 ಮಿ.ಮೀ. ಆಸುಪಾಸಿನ ತೂತು, ಒಳಗೆ ತೂತಿನ ಎದುರಿಗೆ ಕಪ್ಪು-ಬಿಳುಪು ಫೋಟೊ ಪೇಪರ್, ಅಷ್ಟೇ. ತಕರಾರು ಇರೋದು ದಿಕ್ಕಿನಲ್ಲಿ. ಇಂಗ್ಲೆಂಡಿನ ಬೇಫೋರ್ಡ್‌ಬರಿ ವೀಕ್ಷಣಾಲಯದಲ್ಲಿ 2012ರಲ್ಲಿ ಕಟ್ಟಿದ ಬಿಯರ್ ಡಬ್ಬಿಯನ್ನು 2020ರಲ್ಲಿ ಬಿಚ್ಚಿದಾಗ ಎಂಟು ವರ್ಷದ ಸೂರ್ಯನ ದಾರಿಯ ಕಮಾನುಗಳು ಸಿಕ್ಕವಲ್ಲ, ಅದನ್ನು ನೋಡಿ ಎಲ್ಲರೂ ದಕ್ಷಿಣಕ್ಕೆ ಮುಖ ಮಾಡಿ ಕಟ್ಟುತ್ತಾರೆ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ನಮ್ಮಲ್ಲಿ ಡಿಸೆಂಬರ್ ಮಧ್ಯಾಹ್ನವೇ 52 ಡಿಗ್ರಿ ಎತ್ತರ, ಏಪ್ರಿಲ್ ಕೊನೆಗೆ ನೆತ್ತಿ ಮೇಲೆ, ಆಮೇಲೆ ಉತ್ತರಕ್ಕೇ ಹೋಗಿಬಿಡುತ್ತಾನೆ. ನೆಟ್ಟಗೆ ನಿಲ್ಲಿಸಿದ ಡಬ್ಬಿಗೆ ಕಾಣೋದು 40 ಡಿಗ್ರಿವರೆಗೆ ಮಾತ್ರ. ಕಮಾನು ಎಲ್ಲಿಂದ ಬರಬೇಕು? ಹುಟ್ಟುವ ಸೂರ್ಯನಾದರೆ ಕೆಳಗೇ ಸಿಗುತ್ತಾನಲ್ಲ, ಅದಕ್ಕೇ ಪೂರ್ವಕ್ಕೆ ತಿರುಗಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿ ಕಟ್ಟಿದೆ.

ಇನ್ನು ಮಳೆ. ಸೂರ್ಯ ಉತ್ತರದ ತುದಿ ಮುಟ್ಟುವ ಜೂನ್ 21ರವರೆಗೆ ಕಾಯಲೇಬೇಕು ಅಂತೇನಿಲ್ಲ. ಮೇ ಕೊನೆಗೆ ತೆಗೆದರೆ ಉತ್ತರದ ತುದಿಯಲ್ಲಿ ಒಂದೂವರೆ ಡಿಗ್ರಿ ಬಿಟ್ಟುಹೋಗುತ್ತದೆ ಅಷ್ಟೇ, ಮುಂಗಾರಿಗೆ ಮೊದಲೇ ಡಬ್ಬಿ ಮನೆಯೊಳಗೆ.

ಹಾಗಂತ ಸುಮ್ನೆ ಬಂದಿದ್ದಲ್ಲ. ಒಂದು ವರ್ಷ ಏಪ್ರಿಲ್‌ನ ಅಡ್ಡಮಳೆಗೆ ನೀರು ಇಳಿದು ಪೇಪರ್ ಡಬ್ಬಿಗೇ ಅಂಟಿಕೊಂಡಿತು. ಇನ್ನೊಂದರ ತೂತಿಗೆ ಕಣಜ ಮಣ್ಣು ಮೆತ್ತಿತ್ತು. ಒಂದನ್ನು ಕೋತಿ ಕಿತ್ತುಕೊಂಡು ಹೋಯಿತು. ಮೊದಲು ಹೊಸ ಪೇಪರ್ ತರಿಸಿ ಎರಡು ಸಾವಿರದ ಮೇಲೆ ಕಳೆದೆ. ಆಮೇಲೆ ಮುಚ್ಚುತ್ತಿದ್ದ ಸ್ಟುಡಿಯೊ ಒಂದರಲ್ಲಿ ಅವಧಿ ಮುಗಿದ ಪ್ಯಾಕೆಟ್ ನಾನ್ನೂರು ರೂಪಾಯಿಗೆ ಸಿಕ್ಕಿತು. ಬಿಸಿಲಿಗೇ ಪೇಪರ್ ಮೇಲೆ ಗೆರೆ ಮೂಡುತ್ತದೆ, ರಾಸಾಯನಿಕದಲ್ಲಿ ಡೆವಲಪ್ ಮಾಡೋದೇ ಇಲ್ಲವಲ್ಲ, ಹಳೆಯದೇ ಸಾಕು. ಈ ಸಲದ ಚಿತ್ರ ಅದರದ್ದೇ. ಮುಚ್ಚಳಕ್ಕೆ ನೀರು ಇಳಿಯದ ಹಾಗೆ ಏನು ಹಚ್ಚಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಚಿತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಎದುರು ಮನೆ. ಫೆಬ್ರವರಿಯಲ್ಲಿ ಅವರು ಮೇಲೆ ಮನೆ ಕಟ್ಟಲು ಶುರು ಮಾಡಿದರು, ಮಾರ್ಚ್‌ನಲ್ಲಿ ಮೋಲ್ಡ್ ಹಾಕಿದರು. ಬಲಗಡೆಯ ಡಿಸೆಂಬರ್, ಜನವರಿ ಗೆರೆಗಳು ಹೊಸ ಗೋಡೆಯ ನಡುವಿನಿಂದಲೇ ಮೇಲೇಳುತ್ತವೆ, ಆಗ ಅಲ್ಲಿ ಗೋಡೆಯೇ ಇರಲಿಲ್ಲ. ಎಡಕ್ಕೆ ಬರ್ತಾ ಬರ್ತಾ ಗೆರೆಗಳ ಬುಡ ಮೆಟ್ಟಿಲಿನ ಹಾಗೆ ಏರುತ್ತದೆ. ಏಪ್ರಿಲ್ ಹೊತ್ತಿಗೆ ಸೂರ್ಯ ಪ್ಯಾರಾಪೆಟ್ ಮೇಲಿಂದಲೇ ಹುಟ್ಟುತ್ತಾನೆ. ಗೆರೆ ನೋಡಿ ಗೋಡೆ ಯಾವ ವಾರ ಎಷ್ಟು ಎದ್ದಿತು ಅಂತ ಹೇಳಬಹುದು. ಟೈಮ್‌ಲ್ಯಾಪ್ಸ್‌ನಲ್ಲೂ ಮನೆ ಏಳೋದು ಕಾಣುತ್ತದೆ, ಆದರೆ ಇಲ್ಲದ ಗೋಡೆ, ಇರುವ ಗೋಡೆ ಎರಡೂ ಒಟ್ಟಿಗೆ ಕಾಣೋದು ಇದರಲ್ಲಿ ಮಾತ್ರ.

ಜೊತೆಗೆ ಹಳೇ ಫಿಲ್ಮ್ ರೋಲ್ ಡಬ್ಬಿಗಳಲ್ಲಿ ಒಂದೊಂದು ವಾರದ ಪ್ರಯೋಗವನ್ನೂ ಮಾಡಿದೆ. ಡಿಸೆಂಬರ್ 21ರ ವಾರದಲ್ಲಿ ಏಳು ದಿನವೂ ಸೇರಿ ಒಂದೇ ಗೆರೆ, ಮಾರ್ಚ್ 21ರ ವಾರದಲ್ಲಿ ಅಗಲವಾದ ಪಟ್ಟಿ. ಡಿಸೆಂಬರ್ 21ರ ಆಸುಪಾಸು ಸೂರ್ಯನ ದಾರಿ ಸರಿಯೋದೇ ಇಲ್ಲ ಅನ್ನುವಷ್ಟು ಕಡಿಮೆ, ಮಾರ್ಚ್‌ನಲ್ಲಿ ದಿನದಿನಕ್ಕೂ ಸರಿಯುತ್ತದೆ, ಅದು ಕಣ್ಣಿಗೇ ಕಾಣುತ್ತದೆ.

ಸ್ಕ್ಯಾನ್ ಮಾಡುವಾಗ ಪ್ರಿವ್ಯೂ ಬೇಡ. ಸ್ಕ್ಯಾನರ್ ಬೆಳಕಿಗೇ ಪೇಪರ್ ಕಪ್ಪಾಗುತ್ತದೆ, ಇರೋದು ಒಂದೇ ಅವಕಾಶ. 600 ಡಿಪಿಐ ಸಾಕು. ಆಮೇಲೆ ಕಂಪ್ಯೂಟರ್‌ನಲ್ಲಿ ಇನ್‌ವರ್ಟ್ ಮಾಡಿ, ಅಂದರೆ ಕಪ್ಪನ್ನು ಬಿಳುಪು, ಬಿಳುಪನ್ನು ಕಪ್ಪು ಮಾಡಿ, ಎಡ-ಬಲ ತಿರುಗಿಸೋದನ್ನು ಮರೀಬೇಡಿ, ಇಲ್ಲದಿದ್ದರೆ ಡಿಸೆಂಬರ್ ಉತ್ತರಕ್ಕೆ ಹೋಗಿರುತ್ತದೆ. ಮೂಲ ಹಾಳೆಯನ್ನು ಕಪ್ಪು ಕವರ್‌ನಲ್ಲಿ ಹಾಕಿ ಬೀರುವಿನಲ್ಲಿಡಿ.