ಸಿಲ್ಕ್ ಬೋರ್ಡ್ ಧೂಳು: ಒಂದೊಂದೇ ಕಣಕ್ಕೆ ಲೇಸರ್ ಹೊಡೆದ ನನ್ನ ಅನುಭವ

"ಫಿಲ್ಟರನ್ನು ಆಸಿಡ್‌ನಲ್ಲಿ ಕರಗಿಸಿ ಓಡಿಸಿಬಿಡಿ, ಲೇಸರ್ ಯಾಕೆ?" ಲ್ಯಾಬಿನಲ್ಲಿ ಎಲ್ಲರದ್ದೂ ಇದೇ ಮಾತು. ಸಿಲ್ಕ್ ಬೋರ್ಡ್ ಗಾಳಿಯ ಧೂಳನ್ನು ಫಿಲ್ಟರಿನಲ್ಲಿ ಹಿಡಿದು, ಒಂದೊಂದು ಕಣವನ್ನೂ ಲೇಸರಿನಿಂದ ಆವಿ ಮಾಡಿ, ಅದರಲ್ಲಿ ಯಾವ ಯಾವ ಲೋಹ ಇದೆ ಅಂತ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ (ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಯಂತ್ರ) ನೋಡುವುದು ನನ್ನ ಕೆಲಸ. ಕರಗಿಸಿದರೆ ಒಟ್ಟು ಬೇರಿಯಂ ಎಷ್ಟು ಅಂತ ಸಿಗುತ್ತದೆ, ನಿಜ. ಆದರೆ ಅದು ಬ್ರೇಕ್ ಪ್ಯಾಡಿನದೋ ಪಟಾಕಿಯದೋ ಹೇಗೆ ಹೇಳೋದು? ಕಬ್ಬಿಣ, ಆಂಟಿಮನಿ ಜೊತೆ ಒಂದೇ ಕಣದಲ್ಲಿದ್ದರೆ ಬ್ರೇಕ್. ಅವೆರಡೂ ಇಲ್ಲದೆ ಸ್ಟ್ರಾಂಷಿಯಂ ಜಾಸ್ತಿ ಇದ್ದರೆ ಪಟಾಕಿ ಮೇಲೆ ಅನುಮಾನ. ಪಟಾಕಿಯಲ್ಲಿ ಬೇರಿಯಂ ಲವಣ ಕೂಡದು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹಾಗಾಗಿ ಈ ವ್ಯತ್ಯಾಸ ನನಗೆ ಬೇಕೇ ಬೇಕಿತ್ತು.

ಕ್ವಾರ್ಟ್ಸ್ ಫಿಲ್ಟರಿನಲ್ಲಿ ಕಣಗಳು ನಾರಿನೊಳಗೆ ಇಳಿದಿದ್ದವು. ಟೆಫ್ಲಾನ್ ಮೇಲೆ ಲೇಸರ್ ಸರಿಯಾಗಿ ಕಚ್ಚಲೇ ಇಲ್ಲ. ಪಾಲಿಕಾರ್ಬೊನೇಟ್ ನುಣುಪಾಗಿತ್ತು, ನಮ್ಮ 193 ನ್ಯಾನೊಮೀಟರ್ ತರಂಗದ ಲೇಸರಿಗೆ ಒಗ್ಗಿತು. ಆದರೆ ಮೊದಲ ಹೊಡೆತಕ್ಕೇ ಅಕ್ಕಪಕ್ಕದ ಕಣಗಳು ಹೊಟ್ಟು ತೂರಿದ ಹಾಗೆ ಹಾರಿಹೋದವು! ಅಷ್ಟರಲ್ಲಿ ಯಂತ್ರದ ಬಾಡಿಗೆ, ಆವಿಯನ್ನು ಯಂತ್ರಕ್ಕೆ ಒಯ್ಯುವ, ಸಿಲಿಂಡರಿಗೆ ಸುಮಾರು 30 ಸಾವಿರದ ಹೀಲಿಯಂ ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಹೋಗಿತ್ತು. ಪ್ರಾಜೆಕ್ಟ್ ಮುಖ್ಯಸ್ಥರು ಹೊಸ ಬಿಲ್ಲಿಗೆ ಸಹಿ ಹಾಕಲು ಹಿಂದೇಟು ಹಾಕಿದರು.

ದಾರಿ ಸಿಕ್ಕಿದ್ದು ಒಣಗಿದರೆ ಪೊರೆಯಾಗುವ ನೈಟ್ರೋಸೆಲ್ಯುಲೋಸ್, ಅಂದರೆ ಕೊಲೋಡಿಯನ್‌ನಿಂದ. ಅಮೈಲ್ ಅಸಿಟೇಟ್ ದ್ರಾವಕ‌ನಲ್ಲಿ ಕರಗಿಸಿದ ಒಂದು ಹನಿಯನ್ನು ನೀರಿನ ಮೇಲೆ ಬಿಟ್ಟರೆ ತೆಳು ಪೊರೆ ಹರಡುತ್ತದೆ. ಅದನ್ನು ತಂತಿಯ ಉಂಗುರದಲ್ಲಿ ಎತ್ತಿ ಫಿಲ್ಟರ್ ಮೇಲೆ ಇಳಿಸಿದೆ. ಒಣಗಿದ ಮೇಲೆ ಕಣಗಳು ಅಲ್ಲಾಡಲಿಲ್ಲ. ನೀರು ಎಷ್ಟು ಬಸಿದಾಗ ಇಳಿಸಬೇಕು ಅನ್ನೋದರಲ್ಲೇ ಎಲ್ಲ ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನೀರು ತಾಗುವುದರಿಂದ, ಅದರಲ್ಲಿ ಕರಗಿಹೋಗುವ ಪೊಟ್ಯಾಸಿಯಂನಂಥವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಲ್ಲ ತೂಕಗಳನ್ನೂ ಒಟ್ಟಿಗೆ ಅಳೆಯುವ ಟಾಫ್ ಮಾಸ್ ಸ್ಪೆಕ್ಟ್ರೋಮೀಟರ್ ಇಲ್ಲದೆ ಆಗಲ್ಲ ಅಂದಿದ್ದರು. ಒಂದಾದ ಮೇಲೆ ಒಂದು ತೂಕ ಅಳೆಯುವ ಹಳೆಯ ಕ್ವಾಡ್ರುಪೋಲ್‌ನಲ್ಲೇ ಆಯಿತು. ಐದೇ ಐಸೊಟೋಪ್ (ಧಾತುವಿನ ಒಂದು ನಿರ್ದಿಷ್ಟ ತೂಕದ ಪರಮಾಣು): ಕಬ್ಬಿಣ 57, ತಾಮ್ರ 65, ಸ್ಟ್ರಾಂಷಿಯಂ 88, ಆಂಟಿಮನಿ 121, ಬೇರಿಯಂ 137. ಒಂದೊಂದಕ್ಕೆ 10 ಮಿಲಿಸೆಕೆಂಡ್. ಕಣದ ಸಿಗ್ನಲ್ ಹೆಚ್ಚುಕಮ್ಮಿ ಅರ್ಧ ಸೆಕೆಂಡ್ ಇರುತ್ತದೆ, ಎಂಟೊಂಬತ್ತು ಬಿಂದು ಸಿಕ್ಕರೆ ಸಾಕಲ್ವಾ? ಕಬ್ಬಿಣ 56 ಬಿಟ್ಟದ್ದು ಆರ್ಗಾನ್ ಆಕ್ಸೈಡ್ ಕಾಟಕ್ಕೆ, ಯಂತ್ರದೊಳಗಿನ ಆರ್ಗಾನ್ ಅನಿಲ ಆಮ್ಲಜನಕದ ಜೊತೆ ಸೇರಿದರೆ ಅದರ ತೂಕವೂ 56. ಕಣದ ತೂಕ ಗೊತ್ತಿಲ್ಲದ ಕಾರಣ ಧಾತುಗಳ ಪ್ರಮಾಣ ಮೊದಲೇ ಗೊತ್ತಿರುವ ನಿಸ್ಟ್ 610 ಎಂಬ ಮಾನಕ ಗಾಜಿನ ಎದುರು ಅನುಪಾತ ಮಾತ್ರ ತೆಗೆದೆ.

ನಡುವೆ ಒಂದು ಸಣ್ಣ ಪ್ರಯೋಗ. ರಸ್ತೆ ಬದಿಯ ಹೊಂಗೆ ಎಲೆಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದು, ಒಣಗಿದ ಮೇಲೆ ಸುಲಿದು, ಆ ಪೊರೆಯನ್ನೇ ಲೇಸರ್ ಕೆಳಗೆ ಇಟ್ಟೆ. ಬ್ರೇಕ್ ಕಣಗಳು ಚೆನ್ನಾಗಿಯೇ ಸಿಕ್ಕವು. ಪಂಪ್ ಬೇಡ, ಕರೆಂಟ್ ಬೇಡ. ಖಾಲಿ ಪಾಲಿಶ್ ಪೊರೆಯನ್ನು ಮೊದಲು ಓಡಿಸಿ ನೋಡಿ, ಕೆಲವು ಬ್ರ್ಯಾಂಡುಗಳಲ್ಲಿ ಕಬ್ಬಿಣ ಇರಬಹುದು.

ಈಗ ಒಂದು ಫಿಲ್ಟರಿಗೆ ಅರ್ಧ ದಿನ, ಎಂಟರಿಂದ ಹತ್ತು ಸಾವಿರ ಖರ್ಚು. ಮುಂದಿನ ದೀಪಾವಳಿಗೆ ಹಬ್ಬದ ಹಿಂದಿನ ವಾರವೂ ಎಲೆ ಸುಲಿಯಲು ಶುರು ಮಾಡುತ್ತೇನೆ.