ಆಘಾತದ ನೆನಪು ಬಿಡದೆ ಕಾಡುತ್ತಿದ್ದರೆ ದಿನ ದೂಡುವುದು ಹೇಗೆ?

ಅಪಘಾತ, ಹಲ್ಲೆ, ಪ್ರವಾಹದಂಥದ್ದು ನಡೆದ ಮೇಲೆ ಕೆಲವು ವಾರ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು ಸಹಜ. ಹೆಚ್ಚಿನವರಲ್ಲಿ ಇದು ತಾನಾಗಿಯೇ ತಗ್ಗುತ್ತದೆ. ತಿಂಗಳು ಕಳೆದರೂ ತಗ್ಗದೆ, ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಅದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬಿಡದೆ ಉಳಿಯುವ ಮಾನಸಿಕ ತೊಂದರೆ, ಇರಬಹುದು. ಮಿದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಲಾ ಎಂಬ ಭಾಗ, ಘಟನೆ ಮುಗಿದ ಮೇಲೂ ಎಚ್ಚರದಲ್ಲೇ ಇರುತ್ತದೆ. ‘ಮನಸ್ಸು ಗಟ್ಟಿ ಮಾಡ್ಕೋ’ ಎಂದು ಯಾರು ಹೇಳಿದರೂ ಅದು ಸುಮ್ಮನಾಗುವುದಿಲ್ಲ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ನೆನಪು ನುಗ್ಗಿ ಬಂದಾಗ

ಕಣ್ಣು ತೆರೆದೇ ಇರಲಿ. ಮುಚ್ಚಿದರೆ ಹಳೆಯ ದೃಶ್ಯ ಇನ್ನೂ ಬಲವಾಗಬಹುದು. ಪಾದಗಳನ್ನು ನೆಲಕ್ಕೆ ಒತ್ತಿ. ಕಾಣುವ 5 ವಸ್ತು, ಮುಟ್ಟಬಹುದಾದ 4, ಕೇಳಿಸುವ 3 ಸದ್ದು, 2 ವಾಸನೆ, 1 ರುಚಿ, ಹೀಗೆ ಒಂದೊಂದನ್ನೇ ಬಾಯಿಬಿಟ್ಟು ಹೇಳಿ. ಇವತ್ತಿನ ತಾರೀಖು, ನೀವಿರುವ ಜಾಗ ಇವನ್ನೂ ಹೇಳಿ. ಆಮೇಲೆ 4 ಎಣಿಸುತ್ತ ಉಸಿರು ಎಳೆದು, 6 ಎಣಿಸುತ್ತ ಬಿಡಿ. ಉಸಿರನ್ನು ನಿಧಾನವಾಗಿ ಬಿಟ್ಟಷ್ಟೂ ಎದೆಬಡಿತ ತಗ್ಗುತ್ತದೆ. ಉಸಿರಿನ ಕಡೆ ಗಮನ ಕೊಟ್ಟರೆ ಕೆಲವರಿಗೆ ಗಾಬರಿ ಜಾಸ್ತಿಯಾಗುತ್ತದೆ. ಅಂಥವರು ಮುಖಕ್ಕೆ ತಣ್ಣೀರು ಹಾಕಿಕೊಂಡರೆ ಸಾಕು.

ಇದನ್ನು ನೆಮ್ಮದಿಯಾಗಿರುವಾಗಲೇ ದಿನಾ ಅಭ್ಯಾಸ ಮಾಡಿ. ಗಾಬರಿಯ ಹೊತ್ತಿನಲ್ಲಿ ಹೊಸದನ್ನು ಕಲಿಯಲು ಆಗುವುದಿಲ್ಲ ಅಲ್ವಾ?

ರಾತ್ರಿ

ದಿನಾ ಒಂದೇ ಹೊತ್ತಿಗೆ ಏಳಿ. ನಿದ್ದೆ ಬರಲೆಂದು ಕುಡಿಯಬೇಡಿ. ಮದ್ಯ ಮಂಪರು ತಂದರೂ ನಡುರಾತ್ರಿ ಎಬ್ಬಿಸುತ್ತದೆ. ಒಂದೇ ಕೆಟ್ಟ ಕನಸು ಮತ್ತೆ ಮತ್ತೆ ಬರುತ್ತಿದ್ದರೆ, ಹಗಲಿನಲ್ಲಿ ಅದರ ಕಥೆಯನ್ನು ನಿಮಗೆ ಬೇಕಾದಂತೆ ಬದಲಿಸಿ ಬರೆಯಿರಿ. ಆ ಹೊಸ ಕಥೆಯನ್ನು ದಿನಾ ಕೆಲವು ನಿಮಿಷ ಕಲ್ಪಿಸಿಕೊಳ್ಳಿ. ಚಿಕಿತ್ಸಕರು ಬಳಸುವ ವಿಧಾನವೇ ಇದು. ಕನಸು ತೀರಾ ಭೀಕರವಾಗಿದ್ದರೆ ಒಬ್ಬರೇ ಮಾಡಬೇಡಿ, ಅವರ ನೆರವು ಪಡೆಯಿರಿ.

ದೂರ ಓಡುವ ಆಸೆ

ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಅಪಘಾತವಾದ ರಸ್ತೆ ಬೇಡ ಅನಿಸುತ್ತದೆ. ಆಮೇಲೆ ಯಾವ ದೊಡ್ಡ ರಸ್ತೆಯೂ ಬೇಡ. ಆಮೇಲೆ ಗಾಡಿಯೇ ಬೇಡ. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಹಾಯೆನಿಸುತ್ತದೆ. ಆ ಹಾಯೇ ಭಯವನ್ನು ಬೆಳೆಸುತ್ತದೆ, ಬದುಕು ಮನೆಯ ಗೋಡೆಗಳೊಳಗೆ ಕುಗ್ಗುತ್ತದೆ. ಈಗ ನಿಜವಾಗಿ ಅಪಾಯವಿಲ್ಲದ, ಆದರೂ ಭಯ ಹುಟ್ಟಿಸುವ ಜಾಗಗಳನ್ನು ಪಟ್ಟಿ ಮಾಡಿ. ಎಲ್ಲಕ್ಕಿಂತ ಸುಲಭದ್ದನ್ನು ಮೊದಲು ಆರಿಸಿ. ನಿಂತ ಕಾರಿನಲ್ಲಿ ಸುಮ್ನೆ ಕೂರುವುದೂ ಒಂದು ಹೆಜ್ಜೆಯೇ. ಭಯ ಸ್ವಲ್ಪ ಇಳಿಯುವವರೆಗೆ ಅಲ್ಲೇ ಇರಿ. ಅದು ಅಭ್ಯಾಸವಾದ ಮೇಲೆ ಮುಂದಿನದು. ನಂಬಿಕೆಯವರು ಜೊತೆಗಿದ್ದರೆ ಒಳ್ಳೆಯದು. ಘಟನೆಯ ನೆನಪನ್ನೇ ಕೆದಕುವ ಕೆಲಸ ಮಾತ್ರ ಮನೆಯಲ್ಲಿ ಬೇಡ, ಅದನ್ನು ಚಿಕಿತ್ಸಕರ ಎದುರೇ ಮಾಡಬೇಕು.

ಮನೆಯವರಿಗೆ

ಹಿಂದಿನಿಂದ ಬಂದು ಮುಟ್ಟಬೇಡಿ. ಕನಸಿನಲ್ಲಿ ಚೀರುತ್ತಿದ್ದರೆ ಅಲುಗಾಡಿಸದೆ, ದೂರದಿಂದ ಹೆಸರು ಹಿಡಿದು ಕರೆಯಿರಿ. ಏನಾಯ್ತು ಎಂದು ಒತ್ತಾಯ ಮಾಡಬೇಡಿ, ಹೇಳಿದಾಗ ಕೇಳಿಸಿಕೊಳ್ಳಿ. ಘಟನೆ ನಡೆದ ದಿನ ವರ್ಷವಾಗಿ ತಿರುಗಿ ಬಂದಾಗ ಕಷ್ಟ ಹೆಚ್ಚಬಹುದು. ಆ ವಾರ ಅವರನ್ನು ಒಂಟಿಯಾಗಿ ಬಿಡಬೇಡಿ.

ಚಿಕಿತ್ಸೆ

ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆಯ ರೀತಿ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣುಗಳನ್ನು ಅತ್ತಿತ್ತ ಆಡಿಸುತ್ತ ಆ ನೆನಪನ್ನು ಎದುರಿಸುವ ಚಿಕಿತ್ಸೆ) ಇವೆ. ಎಷ್ಟೋ ಜನರಿಗೆ ಕೆಲವೇ ತಿಂಗಳಲ್ಲಿ ಗುಣ ಕಾಣುತ್ತದೆ. ಬೇಕಿದ್ದರೆ ಮನೋವೈದ್ಯರು ಸರ್ಟ್ರಾಲಿನ್‌ನಂಥ ಮಾತ್ರೆಯನ್ನೂ ಕೊಡುತ್ತಾರೆ. ಅದು ಕೆಲಸ ಶುರುಮಾಡಲು ಕೆಲವು ವಾರ ಬೇಕು, ನಡುವೆ ನೀವಾಗಿ ನಿಲ್ಲಿಸಬೇಡಿ. ವರ್ಷಗಟ್ಟಲೆ ಹಳೆಯದಾದ ನೋವಿಗೂ ಈ ಚಿಕಿತ್ಸೆ ಫಲ ಕೊಡುತ್ತದೆ. ಬದುಕೇ ಬೇಡ ಎಂಬ ಯೋಚನೆ ಬಂದರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅವತ್ತೇ ಪಕ್ಕದಲ್ಲಿರುವ ಒಬ್ಬರಿಗೆ ಹೇಳಿ, ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ.