‘ಇಫ್’ ಇಲ್ಲದ ಇಫ್ ವಾಕ್ಯ: ನಾನು ಕಲಿಸುವ ರೀತಿ

ಧಾರವಾಡದಲ್ಲಿ ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗೆ ಓದುವವರಿಗೆ ನಾನು ಇಂಗ್ಲಿಷ್ ಗ್ರಾಮರ್ ಹೇಳಿಕೊಡುತ್ತೇನೆ. ಕಂಡಿಷನಲ್, ಅಂದರೆ ಷರತ್ತಿನ ವಾಕ್ಯದಲ್ಲಿ ‘ಇಫ್’ ಇರುವ ತನಕ ಯಾರಿಗೂ ತೊಂದರೆ ಇಲ್ಲ. ‘ಹ್ಯಾಡ್ ಯು ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್’ (ನೀನು ಹೇಳಿದ್ದರೆ ನಾನು ಬರುತ್ತಿದ್ದೆ) ಎಂದು ಬೋರ್ಡಿನ ಮೇಲೆ ಬರೆದರೆ ಸಾಕು, ಅರ್ಧ ಕ್ಲಾಸು ಅದನ್ನು ಪ್ರಶ್ನೆ ಅಂತಲೇ ಓದುತ್ತದೆ. ಸಹಜವೇ. ನಮ್ಮ ‘ಹೇಳಿದ್ದರೆ’ಯಲ್ಲಿ ಷರತ್ತು ಕ್ರಿಯಾಪದಕ್ಕೇ ಅಂಟಿಕೊಂಡಿರುತ್ತದೆ. ಇಲ್ಲಿ ಪದಗಳು ನಿಂತ ಜಾಗ ನೋಡಿ ತಿಳಿಯಬೇಕು.

ಹಾಗಾಗಿ ರೂಲ್ ಹೇಳುವ ಮೊದಲು ಮೂವರನ್ನು ಮುಂದೆ ಸಾಲಾಗಿ ನಿಲ್ಲಿಸುತ್ತೇನೆ. ಒಬ್ಬೊಬ್ಬರ ಕೈಯಲ್ಲೂ ಒಂದು ಹಾಳೆ: ‘ಇಫ್’, ‘ಯು’, ‘ಹ್ಯಾಡ್’. ‘ಇಫ್’ ಹಿಡಿದವನಿಗೆ ಹೋಗಿ ಕೂತ್ಕೋ ಅನ್ನುತ್ತೇನೆ. ಖಾಲಿಯಾದ ಜಾಗಕ್ಕೆ ‘ಹ್ಯಾಡ್’ ಬರಬೇಕು. ಅಷ್ಟೇ. ‘ಇಫ್ ಹ್ಯಾಡ್ ಯು’ ಯಾಕೆ ತಪ್ಪು ಅಂತ ಆಮೇಲೆ ವಿವರಿಸುವ ಕೆಲಸವೇ ಇಲ್ಲ. ಬಸ್ಸಿನಲ್ಲಿ ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದ ಹಾಗೆ ಅದು.

ನಂತರ ‘ನಾಟ್’ ಹಿಡಿದವಳು ಬರುತ್ತಾಳೆ. ‘ಹ್ಯಾಡ್’ ಮುಂದೆ ಹೋದರೂ ಅವಳು ನಿಂತಲ್ಲೇ ನಿಲ್ಲಬೇಕು. ‘ಹ್ಯಾಡ್ ಯು ನಾಟ್ ಕಾಲ್ಡ್’ ಸರಿ. ‘ಹ್ಯಾಡಂಟ್ ಯು ಕಾಲ್ಡ್’ ಈ ವಾಕ್ಯದಲ್ಲಿ ನಡೆಯಲ್ಲ.

‘ಶುಡ್’ನಲ್ಲಿ ಜಾಸ್ತಿ ಎಡವುತ್ತಾರೆ. ‘ಇಫ್ ಹಿ ಕಮ್ಸ್’ ಅನ್ನು ನೇರವಾಗಿ ತಿರುಗಿಸಲು ಹೋಗಿ ‘ಶುಡ್ ಹಿ ಕಮ್ಸ್’ ಬರೆಯುತ್ತಾರೆ. ಅದಕ್ಕೆ ನಡುವಿನ ಒಂದು ಮೆಟ್ಟಿಲು ಬರೆಸುತ್ತೇನೆ: ‘ಇಫ್ ಹಿ ಶುಡ್ ಕಮ್’. ‘ಶುಡ್’ ಬಂದ ಮೇಲೆ ‘ಎಸ್’ ತಾನಾಗಿಯೇ ಬಿದ್ದುಹೋಗುತ್ತದೆ, ಅಲ್ವಾ? ಈಗ ತಿರುಗಿಸಿದರೆ ‘ಶುಡ್ ಹಿ ಕಮ್’. ‘ವರ್’ಗೂ ಇದೇ ಉಪಾಯ. ಮಾತಿನಲ್ಲಿ ‘ಇಫ್ ಐ ವಾಸ್’ ಓಡುತ್ತದೆ, ಆದರೆ ‘ವಾಸ್ ಐ’ ಎಂದು ಶುರು ಮಾಡಿದರೆ ಪ್ರಶ್ನೆಯೇ ಆಗುತ್ತದೆ. ಮೊದಲು ‘ಇಫ್ ಐ ವರ್’ ಮಾಡಿಕೊಂಡು, ಆಮೇಲೆ ‘ವರ್ ಐ’.

ಇದನ್ನು ಕಲಿತ ಹುರುಪಿನಲ್ಲಿ ಕೆಲವರು ವಾಟ್ಸಾಪ್‌ನಲ್ಲೂ ‘ಶುಡ್ ಯು ಕಮ್ ಟು ಹಾಸ್ಟೆಲ್’ ಅಂತ ಕಳಿಸುತ್ತಾರೆ. ಗೆಳೆಯನಿಗೆ ಸುಮ್ನೆ ‘ಇಫ್’ ಸಾಕು ಅನ್ನುತ್ತೇನೆ. ‘ಶುಡ್ ಯು ಹ್ಯಾವ್ ಎನಿ ಕ್ವೆರೀಸ್’ ಎಂಬುದಕ್ಕೆ ಒಪ್ಪುವ ಜಾಗ ಆಫೀಸಿನ ಪತ್ರ. ಅಲ್ಲಿ ಷರತ್ತಿನ ಭಾಗ ಮೊದಲು ಬಂದರೆ ಅದರ ಕೊನೆಗೆ ಕಾಮಾ ಹಾಕಿ. ‘ಪ್ಲೀಸ್ ಕಾಲ್ ಮಿ ಶುಡ್ ಯು ನೀಡ್ ಹೆಲ್ಪ್’ ಎಂದು ಹಿಂದೆ ಬಂದರೆ ಕಾಮಾ ಬೇಡ.